ಗೌರಿ ಹೂವಿನ ಗೆಡ್ಡೆ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಗೌರಿ ಹೂವಿನ ಗೆಡ್ಡೆ ತೇದು ಕುಡಿದರೆ ಮಂಡಿನೋವು ಮಾಯ ಎಂಬ ಸಂದೇಶ ಬೆಳಗ್ಗೆಯಿಂದ ಗುಂಪಿನಲ್ಲಿ ಓಡಾಡುತ್ತಿದೆ. ದಯವಿಟ್ಟು ಯಾರಿಗೂ ಕಳುಹಿಸಬೇಡಿ, ಹಾಕಿದವರು ಅಳಿಸಿಬಿಡಿ.

ಕೆಂಪು-ಹಳದಿ ಎಸಳುಗಳನ್ನು ಮೇಲಕ್ಕೆ ಮಡಚಿಕೊಂಡು, ಎಲೆಯ ತುದಿಯನ್ನೇ ಸುರುಳಿಯಾಗಿಸಿ ಬೇಲಿ ಹತ್ತುವ ಅಗ್ನಿಶಿಖೆಯೇ ಇದು. ಇದರ ಗೆಡ್ಡೆ, ಬೀಜಗಳಲ್ಲಿ ಕೊಲ್ಚಿಸಿನ್ ಎಂಬ ಆಲ್ಕಲಾಯ್ಡ್ (ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕ) ಇದೆ. ಅದು ಔಷಧ ಎನ್ನುವುದು ಸುಳ್ಳಲ್ಲ, ತೊಡಕಿರುವುದೇ ಅಲ್ಲಿ. ಗೌಟ್ ಎಂಬ ಕೀಲುನೋವಿನ ಕಾಯಿಲೆಯಲ್ಲಿ ಯೂರಿಕ್ ಆಮ್ಲದ ಹರಳುಗಳು ಕೀಲಿನಲ್ಲಿ ಕೂತಾಗ ಬಿಳಿ ರಕ್ತಕಣಗಳು ಮುತ್ತಿಕೊಂಡು ಉರಿಯೂತ ಎಬ್ಬಿಸುತ್ತವೆ. ಕೊಲ್ಚಿಸಿನ್ ಆ ಕಣಗಳ ಓಡಾಟಕ್ಕೆ ಕಡಿವಾಣ ಹಾಕುತ್ತದೆ. ಹೃದಯದ ಹೊರಪೊರೆಯ ಉರಿಯೂತಕ್ಕೂ ವೈದ್ಯರು ಬರೆದುಕೊಡುತ್ತಾರೆ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಹೃದ್ರೋಗಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ತಗ್ಗಿಸಲು ದಿನಕ್ಕೆ 0.5 ಮಿಲಿಗ್ರಾಂನ ಮಾತ್ರೆಗೆ ಒಪ್ಪಿಗೆ ಕೊಟ್ಟಿತು.

ಅರ್ಧ ಮಿಲಿಗ್ರಾಂ! ಗೆಡ್ಡೆಯ ತುಂಡಿನಲ್ಲಿ ಎಷ್ಟಿದೆಯೆಂದು ಯಾವ ಅಡುಗೆಮನೆಯ ತಕ್ಕಡಿ ಹೇಳೀತು? ಅಳತೆ ತಪ್ಪಿದರೆ ಜೀವಕೋಶಗಳ ವಿಭಜನೆಯೇ ನಿಲ್ಲುತ್ತದೆ: ಮೊದಲು ವಾಂತಿ-ಭೇದಿ, ಆಮೇಲೆ ಅಸ್ಥಿಮಜ್ಜೆ, ಮೂತ್ರಪಿಂಡಗಳಿಗೆ ಪೆಟ್ಟು. ಲಕ್ಷಣ ಕಾಣಲು ಕೆಲವು ಗಂಟೆ ಹಿಡಿಯುವುದರಿಂದ ‘ಏನೂ ಆಗಿಲ್ಲವಲ್ಲ’ ಎಂದು ಕೂರಬೇಡಿ. ಕುಡಿದವರಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಗೆಡ್ಡೆಯ ಚೂರನ್ನೂ ಒಯ್ಯಿರಿ.

ಹೂವನ್ನು ಗೌರಿಗೆ ಮುಡಿಸಿ, ತಕರಾರಿಲ್ಲ. ಕಿತ್ತ ಗೆಡ್ಡೆ ಮಕ್ಕಳ, ದನಗಳ ಬಾಯಿಗೆ ಸಿಗದಿರಲಿ. ಗೌಟ್‌ಗೆ ಈಗಾಗಲೇ ಕೊಲ್ಚಿಸಿನ್ ಮಾತ್ರೆ ನುಂಗುತ್ತಿರುವ ಹಿರಿಯರು, ಬೇರೆ ಕಾಯಿಲೆಗೆ ಕ್ಲಾರಿಥ್ರೋಮೈಸಿನ್‌ನಂಥ ಆ್ಯಂಟಿಬಯೋಟಿಕ್ ಬರೆದುಕೊಟ್ಟಾಗ ವೈದ್ಯರಿಗೆ ಆ ವಿಷಯ ಹೇಳಲೇಬೇಕು. ಎರಡೂ ಸೇರಿದರೆ ಕೊಲ್ಚಿಸಿನ್ ಮೈಯಲ್ಲಿ ಮಿತಿಮೀರುತ್ತದೆ.