ಪೌಷ್ಟಿಕತೆಯ ಸಂಶೋಧನೆಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಪಿಎಚ್‌ಡಿಗೆ ಮಾನವ ಪೌಷ್ಟಿಕತೆಯನ್ನೇ ಆರಿಸಿಕೊಳ್ಳುತ್ತೇನೆ ಅಂದೆಯಲ್ಲ, ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅಂತ ಬರೆಯುತ್ತಿದ್ದೇನೆ. ಯೂನಿವರ್ಸಿಟಿಯಲ್ಲಿ ನಾನು ಇಷ್ಟು ವರ್ಷ ಮಾಡಿದ ಕೆಲಸವೇ ಇದು.

ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, 'ನಿನ್ನೆ ಏನು ತಿಂದಿರಿ?' ಎದುರಿಗೆ ಕೂತವರು ನೆನಪಿಸಿಕೊಂಡು ಹೇಳುತ್ತಾರೆ. ನಾವು ಅಳತೆಯ ಬಟ್ಟಲು, ಚಮಚ ಮುಂದಿಟ್ಟು 'ಇಷ್ಟಾ? ಇನ್ನೂ ಜಾಸ್ತಿನಾ?' ಅಂತ ಕೇಳುತ್ತೇವೆ. ಯಾರೂ ಬೇಕಂತಲೇ ಸುಳ್ಳು ಹೇಳುವುದಿಲ್ಲ. ಆದರೂ ನಡುನಡುವೆ ಬಾಯಾಡಿಸಿದ್ದು ಲೆಕ್ಕದಿಂದ ಜಾರಿಹೋಗುತ್ತದೆ. ಇದನ್ನು ಪತ್ತೆ ಹಚ್ಚಲು ಒಂದು ಉಪಾಯವಿದೆ. ಡ್ಯುಟೀರಿಯಮ್ ಮತ್ತು ಆಕ್ಸಿಜನ್-18 (ಹೈಡ್ರೋಜನ್, ಆಕ್ಸಿಜನ್‌ಗಳದೇ ಸ್ವಲ್ಪ ಭಾರದ ರೂಪಗಳು) ಬೆರೆತ ನೀರು ಕುಡಿಸಿ, ಒಂದೆರಡು ವಾರ ಮೂತ್ರದ ಮಾದರಿ ತೆಗೆದುಕೊಳ್ಳಬೇಕು. ಇವೆರಡೂ ಎಷ್ಟು ಬೇಗ ಕಡಿಮೆಯಾಗುತ್ತವೆ ಅನ್ನುವುದರ ವ್ಯತ್ಯಾಸದಿಂದ ದೇಹ ಖರ್ಚು ಮಾಡಿದ ಶಕ್ತಿ ತಿಳಿಯುತ್ತದೆ. ತೂಕ ಏರದೆ ಇಳಿಯದೆ ಇದ್ದವರು ಹೆಚ್ಚುಕಡಿಮೆ ಖರ್ಚಾದಷ್ಟೇ ತಿಂದಿರಬೇಕು, ಅಲ್ವಾ? ಬಾಯಲ್ಲಿ ಹೇಳಿದ ಲೆಕ್ಕ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ ಬರುತ್ತದೆ.

ಜನರನ್ನು ಒಂದೇ ಕಡೆ ಇರಿಸಿಕೊಂಡು ಊಟ ಹಾಕಿದರೆ ಈ ತಾಪತ್ರಯವಿಲ್ಲ. ಅಮೆರಿಕದಲ್ಲಿ ಕೆವಿನ್ ಹಾಲ್ ಎಂಬ ಸಂಶೋಧಕರ ತಂಡ ಹಾಗೇ ಮಾಡಿತು. 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಹೆಚ್ಚು ಸಂಸ್ಕರಿಸಿದ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ. ಬೇಕಾದಷ್ಟು ತಿನ್ನಿ ಅಂದರು. ಮೊದಲ ಬಗೆಯಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದಿದ್ದರು. 2019ರಲ್ಲಿ ಇದು ಪ್ರಕಟವಾದಾಗ ನನಗೆ ಹೊಟ್ಟೆಕಿಚ್ಚೇ ಆಯಿತು, ಅಷ್ಟು ಅಚ್ಚುಕಟ್ಟು. ಆದರೆ 20 ಜನ, ನಾಲ್ಕು ವಾರ. ಹೃದಯದ ಕಾಯಿಲೆ ಬರಲು ದಶಕಗಳೇ ಬೇಕು. ಅಷ್ಟು ಕಾಲ ಯಾರನ್ನು ಕೂಡಿಹಾಕಲು ಆಗುತ್ತದೆ?

ಅವಸರದ ಮಾತಿನಿಂದ ಏನಾಗಬಹುದು ಅನ್ನುವುದಕ್ಕೆ ನನ್ನ ವಿದ್ಯಾರ್ಥಿಗಳಿಗೆ ಯಾವಾಗಲೂ ಫಿನ್ಲೆಂಡಿನ ಪ್ರಯೋಗವನ್ನೇ ಹೇಳುವುದು. ತರಕಾರಿ, ಹಣ್ಣು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಾಣುತ್ತಿತ್ತು. ಅವುಗಳಲ್ಲಿರುವ ಬೀಟಾ ಕ್ಯಾರೊಟಿನ್ ಎಂಬ ಅಂಶ ಕಾರಣವಿರಬಹುದು ಅಂತ 29,133 ಧೂಮಪಾನಿ ಗಂಡಸರನ್ನು ಸೇರಿಸಿಕೊಂಡು ಅದರ ಮಾತ್ರೆ ಪರೀಕ್ಷಿಸಿದರು. 1994ರಲ್ಲಿ ಫಲಿತಾಂಶ ಬಂತು. ಅದನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು.

ಉಳಿದದ್ದು ನಿನಗೆ ಗೊತ್ತಿರುವುದೇ. ಅನುದಾನಕ್ಕೆ ಅರ್ಜಿ, ಎಥಿಕ್ಸ್ ಕಮಿಟಿಯ ಅನುಮತಿ, ನಡುರಾತ್ರಿ ಕೆಟ್ಟು ನಿಲ್ಲುವ ಫ್ರೀಜರ್. ಯಾರ ಮನೆಗೆ ಹೋದರೂ 'ನಾವು ಏನು ತಿನ್ನಬೇಕು?' ಅಂತ ಕೇಳುತ್ತಾರೆ. ನಿನ್ನ ತಟ್ಟೆಯ ಮೇಲೂ ಒಂದು ಕಣ್ಣಿಟ್ಟಿರುತ್ತಾರೆ! ಆಹಾರ ಕಂಪನಿಯವರು ದುಡ್ಡು ಕೊಡಲು ಬಂದರೆ, ಫಲಿತಾಂಶ ಅವರಿಗೆ ಹಿಡಿಸದಿದ್ದರೂ ಪ್ರಕಟಿಸುವ ಹಕ್ಕು ನಿನ್ನದೇ ಅಂತ ಮೊದಲೇ ಬರೆಸಿಕೋ.

ಎಲ್ಸಿ ವಿಡೋಸನ್ ಬಗ್ಗೆ ಓದು. 1933ರಲ್ಲಿ, ಆಗಿನ್ನೂ ಎಳೆಯ ಸಂಶೋಧಕಿ, ಮೆಕ್ಯಾನ್ಸ್ ಎಂಬ ಹಿರಿಯರಿಗೆ 'ಹಣ್ಣಿನ ಸಕ್ಕರೆಯ ನಿಮ್ಮ ಅಂಕಿ ತಪ್ಪು, ಪರೀಕ್ಷೆಯಲ್ಲೇ ಫ್ರಕ್ಟೋಸ್ ಒಂದಿಷ್ಟು ಹಾಳಾಗಿದೆ' ಅಂದಳು. ಆತ ಸಿಟ್ಟಾಗಲಿಲ್ಲ, ಜೊತೆಗೆ ಸೇರಿಸಿಕೊಂಡ. 1940ರಲ್ಲಿ ಇಬ್ಬರೂ ಸೇರಿ ಆಹಾರಗಳ ರಾಸಾಯನಿಕ ಅಂಶಗಳ ಕೋಷ್ಟಕವನ್ನೇ ತಂದರು.

ಅಂಥ ಗೈಡ್ ಸಿಗುತ್ತಾರಾ ಅಂತ ನೋಡು. ಒಪ್ಪಿಕೊಳ್ಳುವ ಮೊದಲು ಅವರ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡು. ಎಷ್ಟು ವರ್ಷಕ್ಕೆ ಮುಗಿಸಿದರು, ಪ್ರಬಂಧದಲ್ಲಿ ಯಾರ ಹೆಸರು ಮೊದಲು ಬಂತು ಅಂತ ಕೇಳು. ಅವರು ತಡವರಿಸಿದರೆ ನನಗೆ ಹೇಳು, ಬೇರೆ ಇಬ್ಬರು ಮೂವರ ಹೆಸರು ಕೊಡುತ್ತೇನೆ.

ನಿನ್ನ
ಅಮ್ಮ