ಅಂಟಿನ ಕೌಂಟರ್‌ನಲ್ಲಿದ್ದ ಆ ಹಿರಿಯರಿಗೆ

ಸಾರ್, ನಿಮ್ಮ ಹೆಸರು ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಅಪ್ಪನ ಕಾಲದ ಕಾರು. ಬಾಗಿಲಿನ ಕ್ರೋಮ್ ಪಟ್ಟಿ ಒಂದು ತುದಿಯಲ್ಲಿ ಜೋತಾಡುತ್ತಿತ್ತು. ಒಳಗಿನ ವಿನೈಲ್ ಹೊದಿಕೆ ಕೂಡ ಬಿಟ್ಟುಕೊಂಡಿತ್ತು. ಆ ಪಟ್ಟಿ ದಾರಿಯಲ್ಲೆಲ್ಲೋ ಬಿದ್ದುಹೋದರೆ ಇನ್ನೊಂದು ಸಿಗುವುದು ಕಷ್ಟ. ನಿಮ್ಮ ಅಂಗಡಿಗೆ ಬಂದರೆ ಕಪಾಟಿನ ತುಂಬ ಅಂಟುಗಳು, ಎಲ್ಲವೂ ‘ಎಲ್ಲದಕ್ಕೂ ಅಂಟುತ್ತೇನೆ’ ಅನ್ನುವಂಥವೇ. ಸುಮ್ನೆ ನೋಡುತ್ತಾ ನಿಂತಿದ್ದೆ.

ನೀವು ಕನ್ನಡಕ ಹಣೆಗೇರಿಸಿ, ನನ್ನ ಫೋನಿನ ಫೋಟೊ ಹತ್ತಿರ ಹಿಡಿದು ನೋಡಿದಿರಿ. “ಗಾಡಿ ಬಿಸಿಲಲ್ಲಿ ನಿಲ್ಲುತ್ತಾ?” ಅಂತ ಕೇಳಿದಿರಿ. ಆಮೇಲೆ ನನ್ನ ಕೈಲಿದ್ದ ಸೂಪರ್ ಗ್ಲೂ ಮೆಲ್ಲಗೆ ತೆಗೆದು ವಾಪಸ್ ಇಟ್ಟಿರಿ. ಅದು ಗಟ್ಟಿಯಾದರೆ ಬಾಗುವುದಿಲ್ಲ, ಗಾಡಿ ಅದುರಿದರೆ ಬಿಟ್ಟುಬರುತ್ತದೆ, ಸುತ್ತ ಬಿಳಿ ಮಚ್ಚೆ ಬೇರೆ. ಪಟ್ಟಿಗೆ ಎರಡೂ ಬದಿ ಅಂಟುವ ಅಕ್ರಿಲಿಕ್ ಫೋಮ್ ಟೇಪ್ ಕೊಟ್ಟಿರಿ. ವಿನೈಲ್‌ಗೆ ಶಾಖ ತಡೆಯುವ ಕಾಂಟ್ಯಾಕ್ಟ್ ಅಂಟು, ಅಂದರೆ ಎರಡೂ ಕಡೆ ಬಳಿದು, ಒಣಗಿದ ಮೇಲೆ ಒತ್ತುವಂಥದ್ದು. ವಿನೈಲ್ ಮೆತ್ತಗಿರಲು ಹಾಕುವ ಪದಾರ್ಥವೇ ಮಾಮೂಲಿ ಅಂಟನ್ನು ಸಡಿಲ ಮಾಡಬಲ್ಲದು ಅಂತ ನನಗೆ ಗೊತ್ತೇ ಇರಲಿಲ್ಲ.

ಹಿಂದೆ ಜನ ಕಾಯುತ್ತಿದ್ದರು. ಆದರೂ ಎರಡು ರಟ್ಟಿನ ಚೂರಿಗೆ ತೆಳ್ಳಗೆ ಅಂಟು ಬಳಿದು, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ನನ್ನ ಕೈಯಲ್ಲೇ ಒತ್ತಿಸಿದಿರಿ. ಒತ್ತಿದ ಮೇಲೆ ಸರಿಸೋಕಾಗಲ್ಲ, ಅಲ್ವಾ! ಅದನ್ನು ರಟ್ಟಿನ ಮೇಲೆ ಕಲಿತದ್ದೇ ಒಳ್ಳೆಯದಾಯಿತು.

ದೊಡ್ಡ ಡಬ್ಬ ಕೇಳಿದರೆ ಚಿಕ್ಕದು ಸಾಕು ಅಂದಿರಿ. ರಸೀದಿಯ ಹಿಂದೆ ‘ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, 24 ಗಂಟೆ ನೀರು ಬೇಡ’ ಅಂತ ಬರೆದುಕೊಟ್ಟಿರಿ.

ಹಾಗೇ ಮಾಡಿದೆ. ಪಟ್ಟಿ ನೇರವಾಗಿ ಕೂತಿದೆ, ಹಳ್ಳ ಬಂದಾಗ ಕನ್ನಡಿಯಲ್ಲಿ ಹಿಂದೆ ನೋಡುವುದು ತಪ್ಪಿದೆ. ತುಂಬಾ ಥ್ಯಾಂಕ್ಸ್ ಸಾರ್.