ಮಗಳಿಗೊಂದು ಪತ್ರ: ಆ ಯಂತ್ರದ ಮುಂದೆ ಕೂರುವ ಮೊದಲು

ತುಮಕೂರು

ಪ್ರೀತಿಯ ಪುಟ್ಟಿ,

ಅಲ್ಲಿ ಅಮೆರಿಕದ ಪೊಲೀಸ್ ಇಲಾಖೆಯಲ್ಲಿ 911 ತುರ್ತು ಕರೆ ತೆಗೆದುಕೊಳ್ಳುವ ಕೆಲಸಕ್ಕೂ ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಪರೀಕ್ಷೆ, ಮಾಡ್ತಾರೆ ಅಂತ ನೀನು ಹೇಳಿದಾಗಿನಿಂದ ನಿನ್ನಮ್ಮನಿಗೆ ನೆಮ್ಮದಿಯಿಲ್ಲ. ಅವಳ ಲೆಕ್ಕದಲ್ಲಿ ಅದು ಕೊಲೆ ಕೇಸಿನವರಿಗೆ ಮಾಡೋದು. ನಮ್ಮಲ್ಲಿ ಪಿಎಸ್‌ಐ ಆಗಬೇಕಾದರೆ ಓಡಬೇಕು, ಜಿಗಿಯಬೇಕು, ಪರೀಕ್ಷೆ ಬರೆಯಬೇಕು, ಕೊನೆಗೆ ಪೊಲೀಸ್ ವೆರಿಫಿಕೇಶನ್. ಎದೆಗೆ ಪಟ್ಟಿ ಕಟ್ಟಿ ‘ಕದ್ದಿದ್ದೀಯಾ’ ಅಂತ ಯಾರೂ ಕೇಳಲ್ಲ. 545 ಪಿಎಸ್‌ಐ ಹುದ್ದೆಗಳ ಹಗರಣ ಬಯಲಾದಾಗ ‘ಕೇಳಬೇಕಿತ್ತು’ ಅಂದವರು ಅಮಾನಿಕೆರೆ ವಾಕಿಂಗ್‌ನಲ್ಲಿ ಇದ್ದರು. ಆದರೆ ಆ ಮೋಸ ಸಿಕ್ಕಿದ್ದು ಓಎಂಆರ್ ಶೀಟ್ ನೋಡಿ, ಯಾರದೋ ನಾಡಿ ಹಿಡಿದು ಅಲ್ಲ.

ಯಂತ್ರಕ್ಕೆ ಗೊತ್ತಾಗೋದು ಉಸಿರು, ನಾಡಿ, ರಕ್ತದೊತ್ತಡ, ಬೆರಳಿನ ಬೆವರು. ಅಷ್ಟೇ. 1921ರಲ್ಲಿ ಬರ್ಕ್ಲಿ ಪೊಲೀಸ್‌ನ ಜಾನ್ ಲಾರ್ಸನ್ ಅದನ್ನು ಕಟ್ಟಿದಾಗಿನಿಂದ ಮೂಲ ಲೆಕ್ಕಾಚಾರ ಹಾಗೇ ಇದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತೀವಲ್ಲ, ಅದು ಕಾಯೋದು ಆ ಹೆಗಲು ಮುಟ್ಟುವ ಗಳಿಗೆಯನ್ನೇ. ಆದರೆ ಕುಂಬಳಕಾಯಿಯನ್ನೇ ಕಾಣದವರೂ ಹೆಗಲು ಮುಟ್ಟಿಕೊಳ್ತಾರೆ ಪುಟ್ಟಿ. ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ಸರ್ವೀಸ್ ಪೂರ್ತಿ ನಾನು ನೋಡಿದ್ದು ಅದನ್ನೇ. ನಿಜ ಹೇಳೋಕೆ ಕುಣಿಗಲ್ ಕಡೆಯಿಂದ ಬಂದ ಮುದುಕಿ ಕಟಕಟೆ ಹಿಡಿದು ಗಡಗಡ ನಡುಗುತ್ತಾಳೆ. ಸಾಕ್ಷಿ ಹೇಳೋದನ್ನೇ ಕಸುಬು ಮಾಡಿಕೊಂಡವನು ಹೊರಗೆ ಎಲೆಅಡಿಕೆ ಉಗಿದು ಬಂದು, ಕಣ್ಣು ಮಿಟುಕಿಸದೆ ಸುಳ್ಳು ಹೇಳಿ ಹೋಗ್ತಾನೆ. ನಿಮ್ಮ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯಲ್ಲಿದ್ದ ಆಲ್ಡ್ರಿಚ್ ಏಮ್ಸ್ ಸೋವಿಯತ್‌ಗೆ ಗುಟ್ಟು ಮಾರುತ್ತಲೇ 1986ರಲ್ಲಿ ಒಮ್ಮೆ, 1991ರಲ್ಲಿ ಒಮ್ಮೆ ಪಾಲಿಗ್ರಾಫ್ ಪಾಸಾದ. ಸಿಕ್ಕಿಬಿದ್ದದ್ದು 1994ರಲ್ಲಿ.

ಪ್ರಶ್ನೆ ಕೇಳುವ ರೀತಿಯೂ ವಿಚಿತ್ರ. ‘ನಂಬಿದವರಿಗೆ ಯಾವತ್ತಾದರೂ ಸುಳ್ಳು ಹೇಳಿದ್ದೀಯಾ?’ ಅನ್ನೋಂಥದ್ದು ಮಧ್ಯೆ ಮಧ್ಯೆ ಬರುತ್ತೆ. ಹೇಳದವರು ಯಾರಿದ್ದಾರೆ? ನೀನು ‘ಇಲ್ಲ’ ಅಂತ ಅಳುಕುತ್ತಾ ಹೇಳ್ತೀಯ ಅನ್ನೋದೇ ಅವರ ಎಣಿಕೆ. ಆ ಅಳುಕನ್ನು ಅಸಲು ಪ್ರಶ್ನೆಯ, ಅಂದರೆ ‘ಕದ್ದಿದ್ದೀಯಾ’ ಅನ್ನೋಂಥದ್ದರ, ಅಳುಕಿನ ಪಕ್ಕ ಇಟ್ಟು ನೋಡ್ತಾರೆ. ಅಸಲು ಪ್ರಶ್ನೆಗೆ ಜಾಸ್ತಿ ಅಳುಕಿದರೆ ಅನುಮಾನ. ನಿರಪರಾಧಿಗೆ ಕೆಲಸ ಹೋಗೋ ಭಯ ಇರೋದೂ ಅಸಲು ಪ್ರಶ್ನೆಯ ಮೇಲೇ ಅಲ್ವಾ?

ಸುಮ್ನೆ ನನ್ನ ಅನುಮಾನ ಅಂದುಕೊಳ್ಳಬೇಡ. 2003ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಒಂದು ಲೆಕ್ಕ ಹಾಕಿತು. 10,000 ನೌಕರರಲ್ಲಿ 10 ಗೂಢಚಾರರು ಇದ್ದಾರೆ ಅಂತ ಇಟ್ಟುಕೋ. ಅವರಲ್ಲಿ 8 ಜನ ಸಿಗುವಷ್ಟು ಬಿಗಿಯಾಗಿ ಪರೀಕ್ಷೆ ಮಾಡಿದರೆ, ಜೊತೆಗೆ ಸುಮಾರು 1,600 ಅಮಾಯಕರೂ ಬಲೆಗೆ ಬೀಳ್ತಾರೆ. ಅದೂ ಪರೀಕ್ಷೆ ಚೆನ್ನಾಗೇ ಕೆಲಸ ಮಾಡುತ್ತೆ ಅಂತ ಒಪ್ಪಿಕೊಂಡ ಮೇಲೆ!

ಹಾಗಿದ್ದರೂ ಯಾಕೆ ಬಿಟ್ಟಿಲ್ಲ? ಯಂತ್ರಕ್ಕೆ ಎಲ್ಲಾ ಗೊತ್ತಾಗುತ್ತೆ ಅಂತ ನಂಬಿದವರು ವೈರ್ ಹಾಕೋ ಮೊದಲೇ ಬಾಯಿ ಬಿಡ್ತಾರೆ, ಅದಕ್ಕೆ. ಪರೀಕ್ಷೆ ಮುಗಿದ ಮೇಲೂ ‘ಇಲ್ಲೇನೋ ಏರುಪೇರಾಗಿದೆ, ಏನು ಮುಚ್ಚಿಟ್ಟಿದ್ದೀಯ?’ ಅಂತ ಕೆದಕಬಹುದು. ನೀನು ಎಚ್ಚರ ಇರಬೇಕಾದ್ದು ಅಲ್ಲಿ. ಒಳ್ಳೆ ಸಾಕ್ಷಿಗಳು ಪಾಟೀಸವಾಲಿನಲ್ಲಿ ಕೆಡೋದೇ ಹೀಗೆ. ವಕೀಲರನ್ನು ಸಮಾಧಾನ ಮಾಡೋಕೆ ಹೋಗಿ ಮಾಡದ್ದನ್ನೂ ‘ಇರಬಹುದು’ ಅಂದುಬಿಡ್ತಾರೆ. ‘ಇರಬಹುದು’ ಬೇಡ. ಮೊದಲು ಏನು ಹೇಳಿದ್ದೆಯೋ ಅದನ್ನೇ ಹೇಳು, ಸುಮ್ಮನಾಗು. ಮೌನ ತುಂಬಿಸೋದು ನಿನ್ನ ಕೆಲಸ ಅಲ್ಲ.

ಯಂತ್ರಕ್ಕೆ ಮೋಸ ಮಾಡೋಕೆ ಉಸಿರು ಬಿಗಿಹಿಡಿಯೋದು, ಶೂ ಒಳಗೆ ಮೊಳೆ ಇಟ್ಟುಕೊಳ್ಳೋದು, ಇವೆಲ್ಲ ನಿನ್ನ ಗೆಳತಿ ಹೇಳಿಕೊಟ್ಟದ್ದು ಬಿಟ್ಟುಬಿಡು. ಅವರು ಹುಡುಕೋದೂ ಅದನ್ನೇ. ಸಿಕ್ಕಿಬಿದ್ದರೆ ಇಲ್ಲದ ತಪ್ಪಿಗೆ ಇರೋ ತಪ್ಪು ಸೇರಿಕೊಳ್ಳುತ್ತೆ.

ಅರ್ಜಿಯ ಫಾರಂನಲ್ಲಿ ಮಾತ್ರ ಒಂದೂ ಮುಚ್ಚಿಡಬೇಡ. ಇಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ 2016ರಲ್ಲಿ ಅವತಾರ್ ಸಿಂಗ್ ಕೇಸಿನಲ್ಲಿ ವೆರಿಫಿಕೇಶನ್ ಫಾರಂನಲ್ಲಿ ಕೊಡುವ ಮಾಹಿತಿ ನಿಜವಾಗಿರಬೇಕು, ಏನನ್ನೂ ಮರೆಮಾಚಬಾರದು ಅಂತ ಹೇಳಿದೆ. ಗಾಂಜಾ ಸೇದಿದ್ದೀಯಾ ಅನ್ನೋ ಪ್ರಶ್ನೆ ಓದಿ ನೀನು ಫೋನಿನಲ್ಲಿ ನಕ್ಕೆಯಲ್ಲ, ಅದರ ಉತ್ತರ ನನಗೆ ಹೇಳಬೇಡ, ಫಾರಂಗೆ ಹೇಳು. ಅಮ್ಮನಿಗಂತೂ ಬೇಡವೇ ಬೇಡ.

ಒಂದು ವಿಷಯ ಮಾತ್ರ ನನಗೆ ನುಂಗೋಕಾಗಲ್ಲ. ನಮ್ಮಲ್ಲಿ ಸೆಲ್ವಿ ವರ್ಸಸ್ ಸ್ಟೇಟ್ ಆಫ್ ಕರ್ನಾಟಕ ಕೇಸಿನ ತೀರ್ಪು ಬಂದ ಮೇಲೆ, ಅಂದರೆ 2010ರಿಂದ, ಆರೋಪಿಯನ್ನೂ ಒಪ್ಪಿಗೆಯಿಲ್ಲದೆ ಆ ಕುರ್ಚಿಯಲ್ಲಿ ಕೂರಿಸುವಂತಿಲ್ಲ. ಅಮೆರಿಕದ 1988ರ ಕಾನೂನು ಬಹುತೇಕ ಖಾಸಗಿ ಕಂಪನಿಗಳಿಗೆ ಈ ಪರೀಕ್ಷೆ ಬೇಡ ಅಂದಿತು, ಸರ್ಕಾರಕ್ಕೆ ಮಾತ್ರ ವಿನಾಯಿತಿ ಕೊಟ್ಟಿತು. ನೀನು ಒಲ್ಲೆ ಅನ್ನಬಹುದು, ನಿಜ. ಆಮೇಲೆ ಅರ್ಜಿ ಮುಂದೆ ಹೋಗುತ್ತಾ?

ಫೇಲ್ ಅಂದರೂ ಕುಗ್ಗಬೇಡ. ಇನ್ನೊಮ್ಮೆ ಕೊಡಬಹುದಾ ಅಂತ ಬರವಣಿಗೆಯಲ್ಲಿ ಕೇಳು. ಬೇರೆ ಊರಿನ ಇಲಾಖೆಗೆ ಅರ್ಜಿ ಹಾಕಿದಾಗ ‘ಹಿಂದೆ ಪಾಲಿಗ್ರಾಫ್ ಆಗಿದೆಯಾ’ ಅಂತ ಕೇಳಿದರೆ ಹೌದು ಅಂತಲೇ ಬರಿ.

ಮಾತ್ರೆ ತಗೊಳ್ತಾ ಇದ್ದರೆ ಅವರಿಗೆ ಮೊದಲೇ ತಿಳಿಸು. ಹಿಂದಿನ ರಾತ್ರಿ ನಿದ್ದೆಗೆಡಬೇಡ. ಮುಗಿದ ಮೇಲೆ ಏನೇನು ಕೇಳಿದರು, ಯಾವ ಕ್ರಮದಲ್ಲಿ ಕೇಳಿದರು ಅಂತ, ಹೊರಗೆ ಹೇಳಬಾರದು ಅನ್ನೋ ನಿಯಮ ಇಲ್ಲದಿದ್ದರೆ, ನನಗೆ ಬರಿ. ರಿಟೈರ್ ಆದರೂ ಆ ಕುತೂಹಲ ಹೋಗಿಲ್ಲ.

ನಿನ್ನ ಅಪ್ಪ